ಪರಮಾಣು ಸ್ಥಾವರವೂ ರಾಜ್ಯದ ಸ್ಥೈರ್ಯವೂ

ನಮ್ಮದು ಯಂತ್ರಯುಗವೆಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ಮುಂಬಯಿಯಲ್ಲಿ ಬೆಳೆಯುವ ವಿದ್ಯಾರ್ಥಿಯು ಅದನ್ನು ಪುಸ್ತಕದಿಂದಲೇ ಕಲಿಯಬೇಕಾಗಿಲ್ಲ. ಒಂದು ಗಂಟೆಯ ಕಾಲ ವಿದ್ಯುತ್ತು ನಿಂತರೆ ಲೋಕಲ್ ಗಾಡಿಗಳು ಹಳಿಯ ಮೇಲೆಯೇ ನಿಲ್ಲುತ್ತವೆ. ಮೇಲಿನ ಅಂತಸ್ತುಗಳಿಗೆ ನೀರು ಏರುವುದಿಲ್ಲ. ಯಂತ್ರವು ಸರಿಯಾಗಿ ನಡೆಯುವವರೆಗೆ ನಾವು ಅದನ್ನು ನೆನೆಯುವುದಿಲ್ಲ. ಅದು ಕೆಟ್ಟಾಗ, ನಡೆಸುವವರನ್ನೂ ಅವರ ಮೇಲಿರುವ ಸರಕಾರವನ್ನೂ ಪ್ರಶ್ನಿಸತೊಡಗುತ್ತೇವೆ. ಹೀಗೆ ಯಂತ್ರದ ಕ್ಷೇಮಕ್ಕೂ ರಾಜ್ಯದ ಸ್ಥೈರ್ಯಕ್ಕೂ ಒಂದು ಸಂಬಂಧವುಂಟು. ವಿದ್ವಾಂಸರು ಇದನ್ನು ಆಳವಾಗಿ ಪರಿಶೀಲಿಸಿದ್ದಾರೆ. ಆ ಪರಿಶೀಲನೆಗೆ ಆಧಾರವಾದ ಎರಡು ಅಪಘಾತಗಳನ್ನು ಇಲ್ಲಿ ವಿವರಿಸುವೆನು.

ಮೊದಲು ಪರಮಾಣು ಸ್ಥಾವರದ ಕೆಲಸವನ್ನು ತಿಳಿಯೋಣ. ಯುರೇನಿಯಮ್ ಪರಮಾಣುವಿನ ಬೀಜವನ್ನು ನ್ಯೂಟ್ರಾನು ಒಡೆದಾಗ ಶಾಖವೂ ಹೊಸ ನ್ಯೂಟ್ರಾನುಗಳೂ ಹೊರಡುತ್ತವೆ. ಅವು ಇನ್ನಷ್ಟು ಪರಮಾಣುಗಳನ್ನು ಒಡೆಯುತ್ತವೆ. ಈ ಸರಣಿಕ್ರಿಯೆಯನ್ನು ಹತೋಟಿಯಲ್ಲಿಡಲು ನ್ಯೂಟ್ರಾನುಗಳನ್ನು ಹೀರುವ ದಂಡಗಳನ್ನು ಒಳಗೆ ಇಳಿಸುತ್ತಾರೆ. ಶಾಖದಿಂದ ನೀರು ಆವಿಯಾಗಿ, ಆವಿಯು ಟರ್ಬೈನನ್ನು ತಿರುಗಿಸಿ, ವಿದ್ಯುತ್ತು ಹುಟ್ಟುತ್ತದೆ. ಆದರೆ ಸರಣಿಕ್ರಿಯೆಯನ್ನು ನಿಲ್ಲಿಸಿದ ಮೇಲೂ ಇಂಧನವು ಬಹುಕಾಲ ಬಿಸಿಯಾಗಿಯೇ ಇರುತ್ತದೆ. ಆದುದರಿಂದ ಅದನ್ನು ತಣಿಸುವ ನೀರು ಎಂದಿಗೂ ತಪ್ಪಕೂಡದು.

1979ರ ಮಾರ್ಚ್ 28ರಂದು ಬೆಳಗಿನ ಜಾವ ಅಮೇರಿಕೆಯ ಪೆನ್ಸಿಲ್ವೇನಿಯಾದಲ್ಲಿರುವ ತ್ರೀ ಮೈಲ್ ಐಲೆಂಡ್ ಸ್ಥಾವರದಲ್ಲಿ ಒಂದು ಪಂಪು ನಿಂತಿತು. ಒತ್ತಡವನ್ನು ಇಳಿಸಲು ಒಂದು ಕವಾಟವು ತೆರೆಯಿತು. ಆದರೆ ಮತ್ತೆ ಮುಚ್ಚಲಿಲ್ಲ. ನಿಯಂತ್ರಣ ಕೋಣೆಯ ದೀಪವು ಮಾತ್ರ ಕವಾಟವು ಮುಚ್ಚಿದಂತೆ ತೋರಿಸಿತು. ವಾಸ್ತವದಲ್ಲಿ ಆ ದೀಪವು ತಿಳಿಸುತ್ತಿದ್ದುದು, ಮುಚ್ಚೆಂಬ ಆಜ್ಞೆ ಹೋಗಿದೆಯೆಂಬುದನ್ನಷ್ಟೇ, ಕವಾಟವು ಮುಚ್ಚಿದೆಯೆಂಬುದನ್ನಲ್ಲ! ಎರಡು ಗಂಟೆಗೂ ಮೀರಿ ನೀರು ಸೋರಿಹೋಯಿತು. ಒಳಗೆ ನೀರು ಹೆಚ್ಚಾಗಿದೆಯೆಂದು ಭ್ರಮಿಸಿದ ಚಾಲಕರು, ತಾನಾಗಿಯೇ ಹರಿಯತೊಡಗಿದ್ದ ರಕ್ಷಕ ಜಲವನ್ನು ಕಡಿಮೆಮಾಡಿದರು. ಇಂಧನಗರ್ಭದ ಸುಮಾರು ಅರ್ಧಭಾಗ ಕರಗಿತು. ಹೊರಗಿನ ಬಲವಾದ ಕಾಂಕ್ರೀಟಿನ ಕಟ್ಟಡವು ವಿಕಿರಣದ ಬಹುಭಾಗವನ್ನು ತಡೆದುದರಿಂದ ದೊಡ್ಡ ಅನಾಹುತವು ತಪ್ಪಿತು.

ಈ ಘಟನೆಯನ್ನು ಅಭ್ಯಸಿಸಿದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಪೆರೋ ಅವರು 1984ರಲ್ಲಿ ಪ್ರಸಿದ್ಧವಾದ ಒಂದು ಗ್ರಂಥವನ್ನು ಬರೆದರು. ಕೆಲವು ಯಂತ್ರವ್ಯವಸ್ಥೆಗಳಲ್ಲಿ ಎರಡು ಲಕ್ಷಣಗಳಿರುತ್ತವೆಯೆಂದು ಅವರ ವಾದ. ಒಂದು, ಭಾಗಗಳು ಯಾರೂ ಊಹಿಸದ ರೀತಿಯಲ್ಲಿ ಒಂದನ್ನೊಂದು ಬಾಧಿಸುವ ಜಟಿಲತೆ. ಇನ್ನೊಂದು, ಬಿಗಿಯಾದ ಜೋಡಣೆ. ಶಾಲೆಯಲ್ಲಿ ಒಬ್ಬ ಉಪಾಧ್ಯಾಯರು ಬಾರದಿದ್ದರೆ ಪಾಠವನ್ನು ನಾಳೆಗೆ ಇಡಬಹುದು. ಇದು ಸಡಿಲ ಜೋಡಣೆ. ಲೋಕಲ್ ಗಾಡಿಯೊಂದು ನಿಂತರೆ ಹಿಂದಿನ ಗಾಡಿಗಳೆಲ್ಲವೂ ಕೆಲವೇ ನಿಮಿಷಗಳಲ್ಲಿ ನಿಲ್ಲಬೇಕು. ಇದು ಬಿಗಿಯಾದ ಜೋಡಣೆ. ಎರಡೂ ಲಕ್ಷಣಗಳು ಕೂಡಿದಲ್ಲಿ, ಚಿಕ್ಕ ದೋಷಗಳು ಸೇರಿ ದೊಡ್ಡ ಅಪಘಾತವಾಗುವುದು ಅಂಥ ವ್ಯವಸ್ಥೆಯ ಸ್ವಭಾವವೇ ಎಂದರು ಪೆರೋ. ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಕೆಲವು ವಿದ್ವಾಂಸರು ಇದನ್ನು ಪೂರ್ಣವಾಗಿ ಒಪ್ಪಲಿಲ್ಲ. ವಿಮಾನವಾಹಕ ನೌಕೆಗಳಂಥ ಅಪಾಯದ ತಾಣಗಳನ್ನು ಪರಿಶೀಲಿಸಿ, ಅತಿ ಕೆಳಗಿನ ಕೆಲಸಗಾರನೂ ನಿರ್ಭಯವಾಗಿ ದೋಷವನ್ನು ತಿಳಿಸಬಲ್ಲ ಸಂಸ್ಥೆಗಳು ದೀರ್ಘಕಾಲ ಸುರಕ್ಷಿತವಾಗಿ ನಡೆಯಬಲ್ಲವೆಂದು ಅವರು ತೋರಿಸಿದರು.

ಹಾಗಾದರೆ ದೋಷವನ್ನು ತಿಳಿಸಲಾಗದ ನಾಡಿನಲ್ಲಿ ಏನಾದೀತು? ಉತ್ತರವು ಚೆರ್ನೊಬಿಲಿನಲ್ಲಿ ದೊರೆಯಿತು. ಅಂದಿನ ಸೋವಿಯೆಟ್ ಒಕ್ಕೂಟದ ಯುಕ್ರೇನಿನಲ್ಲಿದ್ದ ಈ ಸ್ಥಾವರದ ನಾಲ್ಕನೆಯ ಘಟಕವು 1986ರ ಏಪ್ರಿಲ್ 26ರಂದು, ರಾತ್ರಿ 1 ಗಂಟೆ 23 ನಿಮಿಷ ಕಳೆದಾಗ, ಒಂದು ಪರೀಕ್ಷೆಯ ನಡುವೆ ಸ್ಫೋಟಿಸಿತು. ಆ ಮಾದರಿಯಲ್ಲಿ ಎರಡು ದೋಷಗಳಿದ್ದವು. ನೀರು ಆವಿಯಾದಷ್ಟೂ ಸರಣಿಕ್ರಿಯೆ ತಗ್ಗುವ ಬದಲು ಹೆಚ್ಚುತ್ತಿತ್ತು. ಎರಡನೆಯದಾಗಿ, ನಿಯಂತ್ರಣ ದಂಡಗಳ ಕೆಳಭಾಗಕ್ಕೆ ಗ್ರಾಫೈಟ್ ಜೋಡಿಸಲಾಗಿತ್ತು. ಪೂರ್ಣ ಮೇಲೆತ್ತಿದ ದಂಡಗಳನ್ನು ಒಟ್ಟಿಗೆ ಇಳಿಸಿದರೆ, ಅವು ಮೊದಲ ಕ್ಷಣಗಳಲ್ಲಿ ಕ್ರಿಯೆಯನ್ನು ಕೆರಳಿಸುತ್ತಿದ್ದವು. ಆ ರಾತ್ರಿ ಚಾಲಕರು ಹೆಚ್ಚಿನ ದಂಡಗಳನ್ನು ಮೇಲೆತ್ತಿದ್ದರು. ಕೊನೆಗೆ ಸ್ಥಾವರವನ್ನು ನಿಲ್ಲಿಸುವ ಗುಂಡಿಯನ್ನು ಒತ್ತಿದರು. ರಕ್ಷಿಸಬೇಕಾದ ಸಾಧನವೇ ಸ್ಫೋಟಕ್ಕೆ ನೆರವಾಯಿತು.

ಇದಕ್ಕಿಂತಲೂ ದುಃಖದ ಸಂಗತಿಯೆಂದರೆ, ಈ ದೋಷವು ತಜ್ಞರಿಗೆ ಹೊಸದಾಗಿರಲಿಲ್ಲ. 1983ರಲ್ಲಿಯೇ ಲಿಥುವೇನಿಯಾದ ಇಗ್ನಾಲಿನಾ ಸ್ಥಾವರದ ಪರೀಕ್ಷೆಯಲ್ಲಿ ದಂಡಗಳ ಈ ವಿಪರೀತ ಗುಣವು ಕಂಡುಬಂದಿತ್ತು. ಆದರೆ ಅದನ್ನು ತಿದ್ದಲಿಲ್ಲ. ಅದರ ಗಂಭೀರತೆಯನ್ನು ಚೆರ್ನೊಬಿಲಿನ ಚಾಲಕರಿಗೆ ಮನಗಾಣಿಸಲೂ ಇಲ್ಲ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ತಜ್ಞರ 1986ರ ವರದಿಯು ಹೆಚ್ಚಿನ ತಪ್ಪನ್ನು ಚಾಲಕರ ಮೇಲೆಯೇ ಹೊರಿಸಿತ್ತು. 1992ರ ಪರಿಷ್ಕೃತ ವರದಿಯು ರಚನೆಯ ದೋಷಗಳನ್ನೂ ಸುರಕ್ಷತೆಯ ಸಂಸ್ಕೃತಿಯ ಅಭಾವವನ್ನೂ ಎತ್ತಿ ಹೇಳಿತು.

ಸ್ಫೋಟದ ಅನಂತರವೂ ಮೌನವೇ ಮುಂದುವರಿಯಿತು. ಸಮೀಪದ ಪ್ರಿಪ್ಯಾತ್ ನಗರದ ಸುಮಾರು 49,000 ಜನರನ್ನು ತೆರವು ಮಾಡಿದ್ದು ಮರುದಿನ ಮಧ್ಯಾಹ್ನ. ಏಪ್ರಿಲ್ 28ರಂದು ದೂರದ ಸ್ವೀಡನ್ನಿನ ಒಂದು ಸ್ಥಾವರದಲ್ಲಿ ವಿಕಿರಣವು ಪತ್ತೆಯಾದ ಮೇಲೆಯೇ ಮಾಸ್ಕೋ ಒಂದು ಚಿಕ್ಕ ಪ್ರಕಟಣೆಯನ್ನು ಹೊರಡಿಸಿತು. ಮೇ 1ರಂದು ಕೀವ್ ನಗರದಲ್ಲಿ ಎಂದಿನಂತೆ ಮೆರವಣಿಗೆ ನಡೆಯಿತು. ಅದರಲ್ಲಿ ಮಕ್ಕಳೂ ಇದ್ದರು. ನಾಯಕರಾದ ಗೊರ್ಬಚೇವರು ದೂರದರ್ಶನದಲ್ಲಿ ಮಾತನಾಡಿದ್ದು ಮೇ 14ರಂದು.

ಸರಕಾರದ ಮಾತಿನ ಮೇಲಿನ ವಿಶ್ವಾಸವು ಹೀಗೆ ಕುಸಿಯಿತು. ಯುಕ್ರೇನ್, ಲಿಥುವೇನಿಯಾಗಳಲ್ಲಿ ಪರಿಸರರಕ್ಷಣೆಯ ಚಳುವಳಿಯು ಸ್ವಾತಂತ್ರ್ಯದ ಚಳುವಳಿಯೊಡನೆ ಬೆರೆಯಿತು. 1991ರ ಡಿಸೆಂಬರಿನಲ್ಲಿ ಸೋವಿಯೆಟ್ ಒಕ್ಕೂಟವೇ ವಿಸರ್ಜನೆಗೊಂಡಿತು. ಅದರ ಪತನಕ್ಕೆ ಚೆರ್ನೊಬಿಲ್ ಬಹುಶಃ ನಿಜವಾದ ಕಾರಣವೆಂದು ಗೊರ್ಬಚೇವರೇ 2006ರಲ್ಲಿ ಬರೆದರು. ಇದೊಂದೇ ಕಾರಣವೆಂದು ಇತಿಹಾಸಕಾರರು ಒಪ್ಪುವುದಿಲ್ಲ; ಆರ್ಥಿಕ ಕುಸಿತ, ತೈಲದ ಬೆಲೆಯ ಇಳಿತ, ಜನಾಂಗಗಳ ಆಕಾಂಕ್ಷೆ ಇವೆಲ್ಲವೂ ಇದ್ದವು. ಆದರೆ ಅಮೇರಿಕೆಯಲ್ಲಿ ಅಪಘಾತವಾದ ವರ್ಷದಲ್ಲಿಯೇ ಅಧ್ಯಕ್ಷರು ನೇಮಿಸಿದ ಕೆಮೆನಿ ಆಯೋಗವು ಕಂಪನಿಯನ್ನೂ ಸರಕಾರಿ ನಿಯಂತ್ರಕರನ್ನೂ ಬಹಿರಂಗವಾಗಿ ಟೀಕಿಸಿತ್ತು; ಅದರಿಂದ ಆ ರಾಜ್ಯವೇನೂ ಅಲುಗಲಿಲ್ಲ. ಅಪಘಾತಕ್ಕಿಂತಲೂ ಅದನ್ನು ಮುಚ್ಚಿಡುವುದೇ ರಾಜ್ಯಕ್ಕೆ ಹೆಚ್ಚು ಅಪಾಯಕರವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಈ ವಿಷಯವು ನಮಗೆ ದೂರದ್ದಲ್ಲ. ಭಾರತದ ಮೊದಲ ಪರಮಾಣು ರಿಯಾಕ್ಟರಾದ ಅಪ್ಸರಾ 1956ರಲ್ಲಿ ಕ್ರಿಯಾಶೀಲವಾದದ್ದು ನಮ್ಮ ಮುಂಬಯಿಯ ಟ್ರಾಂಬೆಯಲ್ಲಿಯೇ. 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಕಛೇರಿಯೂ ಇದೇ ನಗರದಲ್ಲಿದೆ. ನಮ್ಮ ಹಿರಿಯರ ನಾಡಾದ ಉತ್ತರ ಕನ್ನಡದ ಕೈಗಾದಲ್ಲಿ 1994ರ ಮೇ ತಿಂಗಳಲ್ಲಿ, ಇಂಧನವನ್ನು ತುಂಬುವುದಕ್ಕೆ ಬಹಳ ಮೊದಲೇ, ನಿರ್ಮಾಣದಲ್ಲಿದ್ದ ಗುಮ್ಮಟದ ಕಾಂಕ್ರೀಟು ಕುಸಿಯಿತು. ಕಾರಣವನ್ನು ಶೋಧಿಸಿ, ವಿನ್ಯಾಸವನ್ನು ತಿದ್ದಿ, ಅನಂತರವೇ ಕಟ್ಟಡವನ್ನು ಪೂರ್ಣಗೊಳಿಸಲಾಯಿತು. ಅಲ್ಲಿಯ ಮೊದಲ ಘಟಕವು ಮುಂದೆ 2018ರಲ್ಲಿ 962 ದಿನಗಳ ಅಖಂಡ ಚಾಲನೆಯ ಕೀರ್ತಿಯನ್ನು ಪಡೆಯಿತು.

ವಿದ್ಯಾರ್ಥಿ ಮಿತ್ರರೇ, ನಾಳೆ ನಿಮ್ಮಲ್ಲಿ ಕೆಲವರು ಎಂಜಿನಿಯರರಾಗುವಿರಿ, ಕೆಲವರು ಅಧಿಕಾರಿಗಳಾಗುವಿರಿ. ಇಂದು ಪ್ರಯೋಗಶಾಲೆಯಲ್ಲಿ ಅಳತೆಯು ಪುಸ್ತಕದ ಉತ್ತರಕ್ಕೆ ಹೊಂದದಿದ್ದಾಗ ಅಂಕಿಯನ್ನು ಅಳಿಸಿ ಸರಿಪಡಿಸುವ ಆಸೆಯಾಗುತ್ತದೆ. ಹಾಗೆ ಮಾಡದೆ, ಕಂಡದ್ದನ್ನು ಕಂಡಂತೆಯೇ ಬರೆಯಿರಿ. ನಿಮ್ಮ ಕೈಕೆಳಗಿನವನು ಬಂದು ದೋಷವನ್ನು ತಿಳಿಸಿದ ದಿನ, ಗದರಿಸದೆ ಕೇಳಿರಿ. ಚೆರ್ನೊಬಿಲಿನಲ್ಲಿ ಆ ರಾತ್ರಿ ಕೆಲಸದಲ್ಲಿದ್ದವರಿಗೆ ತಮ್ಮ ಗುಂಡಿಯ ಗುಣವನ್ನು ಯಾರಾದರೂ ಮೊದಲೇ ತಿಳಿಯಹೇಳಿದ್ದರೆ, ಅವರು ದಂಡಗಳನ್ನು ಅಷ್ಟು ಮೇಲಕ್ಕೆ ಎತ್ತುತ್ತಿರಲಿಲ್ಲವೇನೋ.