ಬುತ್ತಿ ಕಟ್ಟುವವರು

ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಂಥ ಊರುಗಳಿಂದ ಧಾರವಾಡಕ್ಕೋ ಬೆಳಗಾವಿಗೋ ಓದಲು ಹೋದವರನ್ನು ಮಾತಿಗೆಳೆದು ನೋಡಿ, ಕಾಲೇಜಿನ ಕತೆಗಿಂತ ಮೊದಲು ಬುತ್ತಿಯ ಕತೆ ಹೇಳುತ್ತಾರೆ. ಅವ್ವ ನಸುಕಿನಲ್ಲೇ ಎದ್ದು ಬಡಿದ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಒಂದು ಪೊಟ್ಟಣ ಶೇಂಗಾ ಹಿಂಡಿ. ಎಲ್ಲವನ್ನೂ ಅರಿವೆಯಲ್ಲಿ ಗಂಟು ಕಟ್ಟಿ, ಮೇಲೆ ಹೆಸರಿನ ಚೀಟಿ ಸಿಕ್ಕಿಸಿ, ಮೊದಲ ಬಸ್ಸಿನ ಡ್ರೈವರ್ ಕೈಗೆ ಕೊಟ್ಟರೆ ಅವ್ವನ ಕೆಲಸ ಮುಗಿಯಿತು. ಅತ್ತ ಹುಡುಗ ನಿಲ್ದಾಣಕ್ಕೆ ಬಂದು, ಗಂಟುಗಳ ರಾಶಿಯಲ್ಲಿ ತನ್ನ ಹೆಸರು ಹುಡುಕಿ ರೂಮಿಗೆ ಒಯ್ಯುತ್ತಿದ್ದ. ಗಂಟು ಬಿಚ್ಚಿದಾಗ ರೊಟ್ಟಿ ಇನ್ನೂ ಮೆತ್ತಗಿದ್ದರೆ ಅಂದು ಹಬ್ಬ.

ಆ ರಾಶಿಯಲ್ಲಿ ತನ್ನ ಹೆಸರಿನ ಗಂಟೇ ಇಲ್ಲದ ಹುಡುಗನೂ ಇರುತ್ತಿದ್ದ. ಅಪ್ಪ ತೀರಿಕೊಂಡಿರುತ್ತಾನೆ, ಇಲ್ಲವೆ ಅವ್ವ. ಇಬ್ಬರೂ ಇದ್ದರೂ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ದೂರ ಹೋಗಿರುತ್ತಾರೆ. ಆ ಹುಡುಗ ಮುಂದೆ ಏನಾದ? ಕೆಲವರು ಓದು ಬಿಟ್ಟರು. ಕೆಲವರು ನಾಡು ಹೆಮ್ಮೆಪಡುವಂತೆ ಬೆಳೆದರು. ಹೀಗೆ ಬೆಳೆದವರ ಬಗ್ಗೆ ನಮ್ಮ ಕಡೆ ‘ಕಷ್ಟಪಟ್ಟು ಮ್ಯಾಲ ಬಂದಾನ’ ಅನ್ನುತ್ತೇವೆ. ಪ್ರೀತಿಯ ಮಾತೇ ಅದು. ಆದರೆ ಕಷ್ಟವೇ ಅವನನ್ನು ಮೇಲಕ್ಕೆತ್ತಿತು ಎಂಬ ಅರ್ಥವೂ ಅದರೊಳಗೆ ನುಸುಳಿಬಿಡುತ್ತದೆ. ಅದನ್ನು ನಾನು ಒಪ್ಪಲಾರೆ. ಕಷ್ಟ ಯಾರನ್ನೂ ಎತ್ತುವುದಿಲ್ಲ. ಎತ್ತಿದವರು ಬೇರೆ ಯಾರೋ ಇರುತ್ತಾರೆ. ಅವರ ಹೆಸರು ಕತೆಯಿಂದ ಬಿದ್ದುಹೋಗಿರುತ್ತದೆ.

ಇದು ಬರೀ ನನ್ನ ನಂಬಿಕೆಯ ಮಾತಲ್ಲ. ಶಾಂತಸಾಗರದ ನಡುವಿನ ಹವಾಯಿ ದ್ವೀಪಗಳಲ್ಲಿ ಕೌವಾಯಿ ಎಂಬುದೊಂದು. ಅದೂ ಆಗ ಕಬ್ಬಿನ ಸೀಮೆಯೇ. ಅಲ್ಲಿಯ ಬಹಳಷ್ಟು ಮನೆಗಳು ಕಬ್ಬಿನ ತೋಟಗಳಿಗೆ ದುಡಿಯಲು ಬಂದ ಕೂಲಿಗಳ ಸಂತಾನದವು. 1955ರಲ್ಲಿ ಆ ದ್ವೀಪದಲ್ಲಿ ಹುಟ್ಟಿದ 698 ಮಕ್ಕಳ ಬದುಕನ್ನು ಮನಶ್ಶಾಸ್ತ್ರಜ್ಞೆಯರಾದ ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಹುಟ್ಟಿನಿಂದ ನಲವತ್ತರ ವಯಸ್ಸಿನವರೆಗೂ ನೋಡುತ್ತ ಹೋದರು. ಸುಮಾರು ಮೂರನೇ ಒಂದು ಪಾಲು ಮಕ್ಕಳ ಬಾಲ್ಯ ಬಲು ಕಠಿಣವಾಗಿತ್ತು. ಬಡತನ, ಹೆರಿಗೆಯಲ್ಲಾದ ತೊಂದರೆ, ಕುಡುಕ ತಂದೆ, ಮನೋರೋಗದ ತಾಯಿ, ದಿನವೂ ಜಗಳದ ಮನೆ ಇವುಗಳಲ್ಲಿ ಒಂದಲ್ಲ, ಹಲವು ಒಟ್ಟಿಗೆ ಇದ್ದವು. ಇಂಥ ಮಕ್ಕಳಲ್ಲಿ ಮೂರರಲ್ಲಿ ಇಬ್ಬರು ಹದಿನೆಂಟರೊಳಗೆ ಓದಿನಲ್ಲಿ, ನಡತೆಯಲ್ಲಿ, ಮನಸ್ಸಿನ ಆರೋಗ್ಯದಲ್ಲಿ ಎಡವಿದರು. ಉಳಿದ ಮೂರನೆಯವರು ಆತ್ಮವಿಶ್ವಾಸವುಳ್ಳ, ಇನ್ನೊಬ್ಬರ ಬಗ್ಗೆ ಕಾಳಜಿಯುಳ್ಳ ಯುವಜನರಾಗಿ ಬೆಳೆದರು.

ಅವರಲ್ಲಿ ಅಂಥದೇನಿತ್ತು? ಹುಟ್ಟುಗುಣದ ಪಾಲು ಒಂದಿಷ್ಟು ಇತ್ತು. ಎತ್ತಿಕೊಂಡವರತ್ತ ಬೇಗ ನಗುವ ಕೂಸು, ಕೈಗೆ ಒಂದು ಕೆಲಸ ಸಿಕ್ಕರೆ ಬಿಡದ ಹುಡುಗ. ಆದರೆ ಆ ಮಕ್ಕಳ ಬದುಕಿನಲ್ಲಿ ಮತ್ತೆ ಮತ್ತೆ ಕಂಡ ಸಂಗತಿ ಇದು: ಹೆತ್ತವರು ಸೋತ ಮನೆಯಲ್ಲೂ ಅವರನ್ನು ಗಟ್ಟಿಯಾಗಿ ಹಚ್ಚಿಕೊಂಡ ಒಬ್ಬ ಹಿರಿಯರಾದರೂ ಇದ್ದರು. ಅಜ್ಜಿ, ಅಕ್ಕ, ನೆರೆಮನೆಯವರು, ಶಾಲೆಯ ಒಬ್ಬ ಮೇಷ್ಟ್ರು ಹೀಗೆ ಯಾರೋ ಒಬ್ಬರು. ಹದಿನೆಂಟರಲ್ಲಿ ದಾರಿ ತಪ್ಪಿದವರಲ್ಲೂ ಬಹಳ ಮಂದಿ ಮೂವತ್ತು ದಾಟುವ ಹೊತ್ತಿಗೆ ಸುಧಾರಿಸಿಕೊಂಡಿದ್ದರು. ಮತ್ತೆ ಓದಲು ಸಿಕ್ಕ ಅವಕಾಶ, ಒಂದು ಸ್ಥಿರವಾದ ಕೆಲಸ, ಒಳ್ಳೆಯ ಸಂಗಾತಿ, ನಂಬಿ ಸೇರಿಸಿಕೊಂಡ ಒಂದು ಸಮುದಾಯ ಅವರನ್ನು ತಿರುಗಿಸಿದ್ದವು. ತಡವಾಗಿ ಬಂದ ಕೈಯೂ ಕೈಯೇ.

ಅಂಥ ಕೈಗಳು ನಮ್ಮ ಕಡೆಯೂ ಇದ್ದವು. ಈಗ ಕಡಶೆಟ್ಟಿಹಳ್ಳಿಗೆ ಬರೋಣ. ಹಾನಗಲ್ಲ ಸೀಮೆಯ ಆ ಹಳ್ಳಿಯಲ್ಲಿ 1892ರಲ್ಲಿ ಗದಿಗೆಯ್ಯ ಎಂಬ ಕೂಸು ಹುಟ್ಟಿತು. ಹುಟ್ಟುಕುರುಡು. ಅಣ್ಣ ಗುರುಬಸಯ್ಯನಿಗೂ ಕಣ್ಣಿಲ್ಲ. ಬಡವರ ಮನೆಯಲ್ಲಿ ಕಣ್ಣಿಲ್ಲದ ಇಬ್ಬರು ಗಂಡುಮಕ್ಕಳು ಎಂದರೆ ಆ ಕಾಲದ ಊರಿನ ಲೆಕ್ಕದಲ್ಲಿ ಭಿಕ್ಷೆಯೇ ಗತಿ. ಆದರೆ ಹುಡುಗರ ಕಂಠ ಚೆನ್ನಾಗಿತ್ತು. ಹಾನಗಲ್ಲ ಮಠದ ಕುಮಾರ ಸ್ವಾಮಿಗಳು ಆ ದನಿ ಕೇಳಿದರು. ಮೆಚ್ಚಿ, ತಲೆ ಸವರಿ ಕಳಿಸಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಹುಡುಗರ ಹೊಣೆಯನ್ನೇ ಹೊತ್ತರು. ಗದಿಗೆಯ್ಯನನ್ನು ಮೈಸೂರಿಗೆ ಕಳಿಸಿ ಕರ್ನಾಟಕ ಸಂಗೀತ ಕಲಿಸಿದರು. ಹಿಂದುಸ್ತಾನಿ ಸಂಗೀತಕ್ಕೆ ಉಸ್ತಾದ್ ಅಬ್ದುಲ್ ವಹೀದ್ ಖಾನರಂಥವರ ಪಾಠ ಸಿಗುವಂತೆ ಮಾಡಿದರು. ಒಬ್ಬ ಕುರುಡು ಹುಡುಗನ ಸಲುವಾಗಿ ಮಠವೊಂದು ಮುಸ್ಲಿಂ ಉಸ್ತಾದರನ್ನು ಗುರುವಾಗಿ ಕಂಡದ್ದನ್ನು ನಾವು ಈಗ ಇನ್ನೂ ಹೆಚ್ಚು ನೆನೆಯಬೇಕು. ಆ ಗದಿಗೆಯ್ಯನೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು.

ಪಂಚಾಕ್ಷರಿ ಗವಾಯಿಗಳು ತಮಗೆ ಸಿಕ್ಕಿದ್ದನ್ನು ಕಟ್ಟಿಟ್ಟುಕೊಳ್ಳಲಿಲ್ಲ. ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗುವ ಸಂಗೀತ ಶಾಲೆ ನಡೆಸಿದರು. ಕಣ್ಣಿಲ್ಲದವರು, ತಂದೆತಾಯಿ ಇಲ್ಲದವರು, ಹಸಿದವರು ಸೇರುತ್ತ ಹೋದರು. ಅವರ ಊಟಕ್ಕೆ ಕಾಳುಕಡಿ ಕೂಡಿಸುವುದೇ ದಿನದ ದೊಡ್ಡ ಚಿಂತೆ. ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆ ನಿಂತಿತು. ತಂದೆಯನ್ನು ಎಳವೆಯಲ್ಲೇ ಕಳೆದುಕೊಂಡ ಬಸವರಾಜ ರಾಜಗುರು ಇವರ ಆಸರೆಯಲ್ಲಿ ಕಲಿತು ದೇಶಕ್ಕೇ ದೊಡ್ಡ ಗಾಯಕರಾದರು. 1991ರಲ್ಲಿ ಅವರಿಗೆ ಪದ್ಮಭೂಷಣ ಬಂತು.

ಇನ್ನೊಬ್ಬ ಶಿಷ್ಯ ದೇವಗಿರಿಯ ಪುಟ್ಟಯ್ಯ. 1914ರ ಮಾರ್ಚ್ 3ರಂದು ಹುಟ್ಟಿದ ಈ ಕೂಸು ಎಳವೆಯಲ್ಲೇ ಕಣ್ಣು ಕಳೆದುಕೊಂಡಿತು. ತಂದೆಯ ನೆರಳೂ ಬೇಗ ಸರಿಯಿತು. ಸೋದರಮಾವ ಚಂದ್ರಶೇಖರಯ್ಯ ಸಾಕಿದರು. ಹಾರ್ಮೋನಿಯಂ ಮನೆಗಳ ಮೇಲೆ ಹುಡುಗನ ಬೆರಳು ತಾನಾಗಿ ಓಡುವುದನ್ನು ಕಂಡು ಪಂಚಾಕ್ಷರಿ ಗವಾಯಿಗಳ ಮಡಿಲಿಗೆ ಹಾಕಿದರು. ಅಲ್ಲಿ ನಡೆದ ಪಾಠವನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಗುರುವಿಗೂ ಕಣ್ಣಿಲ್ಲ, ಶಿಷ್ಯನಿಗೂ ಇಲ್ಲ. ‘ಇಲ್ಲಿ ನೋಡು’ ಎಂಬ ಮಾತೇ ಅಲ್ಲಿ ನಡೆಯುವುದಿಲ್ಲ. ಇರುವುದು ಕಿವಿ ಮತ್ತು ಕೈ. ಸ್ವರ ತಪ್ಪಿದರೆ ಕಿವಿ ಹೇಳಬೇಕು, ಬೆರಳು ತಪ್ಪಿದರೆ ಕೈ ಮೇಲೆ ಕೈ ಇಟ್ಟು ತಿದ್ದಬೇಕು.

ಈ ಪುಟ್ಟಯ್ಯನೇ ಮುಂದೆ ಪುಟ್ಟರಾಜ ಗವಾಯಿಗಳಾದರು. ಅವರು ಬ್ರೈಲ್ ಲಿಪಿಯಲ್ಲಿ ಪುರಾಣ, ನಾಟಕ, ವಚನಗಳನ್ನು ಬರೆದರು. ಕೈಯಲ್ಲಿ ಬ್ರೈಲ್ ಬರೆಯುವವರನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅದು ಎಷ್ಟು ತಾಳ್ಮೆಯ ಕೆಲಸ ಎಂದು. ದಪ್ಪ ಕಾಗದವನ್ನು ಪಟ್ಟಿಯಲ್ಲಿ ಸಿಕ್ಕಿಸಿ ಮೊಳೆಯಂಥ ಕಡ್ಡಿಯಿಂದ ಒಂದೊಂದೇ ಚುಕ್ಕಿ ಒತ್ತಬೇಕು. ಒಂದು ಅಕ್ಷರದ ಮನೆಯಲ್ಲಿ ಆರು ಚುಕ್ಕಿಗಳ ಜಾಗ. ಚುಕ್ಕಿ ಉಬ್ಬುವುದು ಕಾಗದದ ಆಚೆ ಮಗ್ಗುಲಿಗೆ. ಹಾಗಾಗಿ ಬಲದಿಂದ ಎಡಕ್ಕೆ, ಅಕ್ಷರವನ್ನು ತಿರುವುಮುರುವಾಗಿ ಮನಸ್ಸಿನಲ್ಲಿ ಹಿಡಿದು ಬರೆಯಬೇಕು. ಹಾಳೆ ತಿರುವಿದ ಮೇಲೆ ಎಡದಿಂದ ಬಲಕ್ಕೆ ಬೆರಳಾಡಿಸಿ ಓದಬೇಕು. ಪುಟ್ಟರಾಜರು ಹೀಗೆ ಚುಕ್ಕಿ ಚುಕ್ಕಿಯಾಗಿ ಬರೆದವರು.

1944ರಲ್ಲಿ ಗುರು ತೀರಿಕೊಂಡಾಗ ಆಶ್ರಮದ ಅಷ್ಟೂ ಮಕ್ಕಳ ಹೊಟ್ಟೆಯ ಹೊಣೆ ಮೂವತ್ತರ ಪುಟ್ಟರಾಜರ ಮೇಲೆ ಬಿತ್ತು. ನಾಟಕ ಕಂಪನಿ ನಡೆಸಿ ಅದರ ಗಳಿಕೆಯಿಂದ ಆಶ್ರಮ ಸಾಕಿದರು. ಭಕ್ತರು ಮಾಡಿದ ತುಲಾಭಾರದ ಹಣವೂ ಆಶ್ರಮಕ್ಕೇ ಹೋಯಿತು. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ಲಿಂಗೈಕ್ಯರಾದರು. ಕುಮಾರ ಸ್ವಾಮಿಗಳಿಂದ ಪಂಚಾಕ್ಷರಿ, ಪಂಚಾಕ್ಷರಿಯಿಂದ ಪುಟ್ಟರಾಜ, ಪುಟ್ಟರಾಜರಿಂದ ಲೆಕ್ಕವಿಲ್ಲದಷ್ಟು ಅಂಧ ಮಕ್ಕಳು. ಕೌವಾಯಿಯ ವಿದ್ವಾಂಸರು ನಲವತ್ತು ವರ್ಷ ನೋಡಿ ಕಂಡುಕೊಂಡದ್ದು ಗದಗಿನಲ್ಲಿ ನಿತ್ಯದ ದಾಸೋಹವಾಗಿ ನಡೆದಿತ್ತು.

ಪುಟ್ಟರಾಜರು ಹುಟ್ಟಿದ 1914ರಲ್ಲೇ ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ ಬಾಳಪ್ಪ ಹುಟ್ಟಿದರು. ಒಕ್ಕಲುತನದ ಬಡ ಮನೆ. ಚಿಕ್ಕಂದಿನಲ್ಲೇ ತಂದೆ ಇಲ್ಲವಾದರು. ಶಾಲೆ ಹೆಚ್ಚು ದಿನ ನಡೆಯಲಿಲ್ಲ. ಹುಡುಗನ ಕಂಠ ಕೇಳಿ ಸೇರಿಸಿಕೊಂಡದ್ದು ನಾಟಕ ಕಂಪನಿ. ಆಗಿನ ಕಂಪನಿ ಎಂದರೆ ಅನ್ನ, ಬಟ್ಟೆ, ಮಲಗಲು ಜಾಗ, ಹಾಡಿನ ಮಾಸ್ತರು ಎಲ್ಲವೂ ಒಂದೇ ಕಡೆ. ಹುಡುಗರಿಗೆ ಮೊದಲು ಸ್ತ್ರೀಪಾತ್ರ. ನಿದ್ದೆಗೆಟ್ಟ ರಾತ್ರಿಗಳು, ಊರಿಂದೂರಿಗೆ ಸಾಮಾನು ಹೇರಿಕೊಂಡ ಪ್ರಯಾಣ. ಅದನ್ನು ಸುಖದ ಬಾಲ್ಯ ಎನ್ನಲಾಗದು. ಆದರೂ ಓದು ಸಿಗದ ಹುಡುಗನಿಗೆ ಅದೇ ಶಾಲೆಯಾಯಿತು. 1947ರಲ್ಲಿ ಬಾಳಪ್ಪನವರು ತಮ್ಮದೇ ಕಲಾವೈಭವ ನಾಟ್ಯಸಂಘ ಕಟ್ಟಿದರು. ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಅವರು ಬಸವಣ್ಣನಾಗಿ ಬಂದರೆ ಜನ ಕೈಮುಗಿಯುತ್ತಿದ್ದರು. 1994ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು. 104ರ ವಯಸ್ಸಿನಲ್ಲಿ, 2018ರ ಆಗಸ್ಟ್ 3ರಂದು, ಅದೇ ಏಣಗಿಯಲ್ಲಿ ಕಣ್ಣು ಮುಚ್ಚಿದರು.

ಇಂಥ ಕತೆಗಳನ್ನು ಹೇಳುವಾಗ ಒಂದು ಅಪಾಯವಿದೆ. ‘ನೋಡು, ಅವರು ಕಷ್ಟದಲ್ಲೇ ಬೆಳೆದು ದೊಡ್ಡವರಾದರು, ನೀನೂ ತಡಕೋ’ ಎಂದು ಮಕ್ಕಳಿಗೆ ಹೇಳಿಬಿಡುತ್ತೇವೆ. 1998ರಲ್ಲಿ ಅಮೆರಿಕದ ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡ ಪ್ರಕಟಿಸಿದ ಅಧ್ಯಯನ ಈ ಮಾತಿಗೆ ತಡೆ ಹಾಕುತ್ತದೆ. ಸಾವಿರಾರು ವಯಸ್ಕರನ್ನು ಅವರು ಬಾಲ್ಯದ ಬಗ್ಗೆ ಕೇಳಿದರು: ಹೊಡೆತ, ನಿಂದೆ, ಲೈಂಗಿಕ ಹಿಂಸೆ, ಮನೆಯಲ್ಲಿ ಕುಡಿತ, ತಾಯಿಯ ಮೇಲೆ ಕೈಮಾಡುವ ತಂದೆ, ಮನೆಯವರ ಜೈಲುವಾಸ. ಇಂಥ ನಾಲ್ಕು ಅಥವಾ ಹೆಚ್ಚು ಬಗೆಯ ಪೆಟ್ಟು ತಿಂದವರಲ್ಲಿ ಕುಡಿತ, ಖಿನ್ನತೆ, ಆತ್ಮಹತ್ಯೆಯ ಯತ್ನಗಳ ಅಪಾಯ ಪೆಟ್ಟು ತಿನ್ನದವರಿಗಿಂತ 4ರಿಂದ 12 ಪಟ್ಟು ಹೆಚ್ಚಿತ್ತು. ಹೃದಯದ ಕಾಯಿಲೆಯೂ ಅವರಲ್ಲಿ ಹೆಚ್ಚು ಕಂಡಿತು.

ಈ ಪೆಟ್ಟು ಮೈಯೊಳಗೆ ಮಾಡುವ ಕೆಲಸವನ್ನು ಹೀಗೆ ತಿಳಿಯಬಹುದು. ಹೆದರಿದಾಗ ನಮ್ಮ ಮೈ ಕಾರ್ಟಿಸೋಲ್‌ನಂಥ ರಸಗಳನ್ನು ರಕ್ತಕ್ಕೆ ಬಿಡುತ್ತದೆ. ಎದೆ ಡವಗುಟ್ಟುತ್ತದೆ, ಓಡಲು ಇಲ್ಲವೆ ಎದುರಿಸಲು ಮೈ ಸಜ್ಜಾಗುತ್ತದೆ. ನಾಯಿ ಅಟ್ಟಿಸಿಕೊಂಡು ಬಂದಾಗ ಇದು ಒಳ್ಳೆಯದೇ. ಮಗು ಓಡಿಬಂದು ಅವ್ವನ ಸೆರಗು ಹಿಡಿದರೆ, ಅವ್ವ ಬೆನ್ನು ಸವರಿದರೆ, ಮೈ ಮತ್ತೆ ತಣ್ಣಗಾಗುತ್ತದೆ. ಆದರೆ ಹೆದರಿಕೆ ಮನೆಯೊಳಗೇ ಇದ್ದು, ದಿನವೂ ಬರುತ್ತಿದ್ದರೆ ಮೈ ತಣ್ಣಗಾಗಲು ಬಿಡುವೇ ಸಿಗದು. ಬೆಳೆಯುವ ಮಿದುಳಿನ ಮೇಲೂ ಹೃದಯದ ಮೇಲೂ ಅದರ ಗುರುತು ಉಳಿಯುತ್ತದೆ. ಬೆನ್ನು ಸವರುವ ಒಂದು ಕೈ ಯಾಕೆ ಅಷ್ಟು ಮುಖ್ಯ ಎಂಬುದಕ್ಕೆ ಇದೇ ಕಾರಣ. ಆ ಕೈ ಹೆತ್ತವರದೇ ಆಗಬೇಕೆಂದಿಲ್ಲ.

ಆದ್ದರಿಂದ ಪುಟ್ಟರಾಜರನ್ನೂ ಬಾಳಪ್ಪನವರನ್ನೂ ನೆನೆಯುವಾಗ ಇನ್ನೊಂದು ಮಾತನ್ನು ಮರೆಯಬಾರದು. ಅವರ ಓರಗೆಯಲ್ಲೇ, ಅಷ್ಟೇ ಕಂಠವಿದ್ದ, ಅಷ್ಟೇ ಬುದ್ಧಿಯಿದ್ದ ಮಕ್ಕಳು ಈ ಸೀಮೆಯಲ್ಲಿ ಹುಟ್ಟಿದ್ದರು. ಅವರ ದನಿ ಕೇಳಿಸಿಕೊಳ್ಳಲು ಯಾರೂ ಬರಲಿಲ್ಲ. ಅವರ ಹೆಸರು ನಮಗೆ ಗೊತ್ತಿಲ್ಲ. ಈ ನಷ್ಟ ನನ್ನನ್ನು ಬಹಳ ಕಾಡುತ್ತದೆ.

ಅದೃಷ್ಟಕ್ಕೆ ಬಿಡದೆ ಇಂಥ ಆಸರೆಯನ್ನು ವ್ಯವಸ್ಥೆಯಾಗಿ ಕಟ್ಟಿದವರೂ ನಮ್ಮ ನೆಲದಲ್ಲೇ ಇದ್ದಾರೆ. ಸವದತ್ತಿ ತಾಲ್ಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯಿಯವರು (1861–1906) ಶಿಗ್ಲಿಯಲ್ಲಿ ಹುಟ್ಟಿ ದೇಸಗತಿ ಮನೆಗೆ ದತ್ತು ಬಂದವರು. ಮಕ್ಕಳ ವಿದ್ಯೆಗೆಂದು ತಮ್ಮ ಆಸ್ತಿಯನ್ನೇ ಮೃತ್ಯುಪತ್ರದಲ್ಲಿ ಬರೆದಿಟ್ಟರು. ಅವರ ಹೆಸರಿನ ನಿಧಿಯ ನೆರವಿನಿಂದ ಹಳ್ಳಿಯ ಎಷ್ಟೋ ಬಡ ಹುಡುಗರು ಕಾಲೇಜು ಮೆಟ್ಟಿಲು ಹತ್ತಿದರು. 1933ರಲ್ಲಿ ಶುರುವಾದ ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರಿನದೇ. ಬೈಲಹೊಂಗಲ ಸೀಮೆಯ ನಾಗನೂರಿನ ರುದ್ರಾಕ್ಷಿಮಠದ ಶಿವಬಸವ ಸ್ವಾಮೀಜಿ ಬೆಳಗಾವಿಯಲ್ಲಿ ಉಚಿತ ಪ್ರಸಾದ ನಿಲಯ ನಡೆಸಿದರು. ಬುತ್ತಿ ಬಾರದ ಹುಡುಗರು ಅಲ್ಲಿ ಉಂಡು ಓದಿದರು. ಸಾಲಹಳ್ಳಿಯಿರುವ ರಾಮದುರ್ಗ ತಾಲ್ಲೂಕಿನಲ್ಲೇ ಕೆ. ಚಂದರಗಿಯ ವಸತಿ ಕ್ರೀಡಾ ಶಾಲೆ ಇದೆ. ಓಡುವ ಕಾಲಿರುವ ಹಳ್ಳಿ ಮಕ್ಕಳಿಗೆ ಅದು ಒಂದು ಬಾಗಿಲು.

ಸರ್ಕಾರದ ಬಾಗಿಲುಗಳೂ ಇವೆ, ಎಷ್ಟೋ ಮನೆಗಳಿಗೆ ಅವುಗಳ ಸುದ್ದಿ ಮುಟ್ಟಿರುವುದಿಲ್ಲ. ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ 6ನೇ ತರಗತಿಗೆ ಪ್ರವೇಶ ಪರೀಕ್ಷೆ ನಡೆಯುತ್ತದೆ. ಆಯ್ಕೆಯಾದರೆ ಊಟ, ವಸತಿ, ಪುಸ್ತಕ, ಸಮವಸ್ತ್ರ ಎಲ್ಲ ಉಚಿತ. ಐದನೇ ತರಗತಿಯಲ್ಲಿರುವ ಮಗುವಿನ ಅರ್ಜಿ ತುಂಬಿಸುವುದು ಮೇಷ್ಟ್ರು ಮಾಡಬಹುದಾದ ದೊಡ್ಡ ಉಪಕಾರ. ತಂದೆತಾಯಿ ಇಬ್ಬರನ್ನೂ ಕಳೆದುಕೊಂಡು ಬಂಧುಗಳ ಮನೆಯಲ್ಲಿರುವ ಮಕ್ಕಳಿಗೆ, ವಿಧವೆ ತಾಯಿಯ ಮಕ್ಕಳಿಗೆ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಸಿಗುವ ಅವಕಾಶವಿದೆ. ಅದಕ್ಕೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಕೊಡಬೇಕು.

ಇದನ್ನು ಓದುತ್ತಿರುವ ನೀವು ಸಾಲಹಳ್ಳಿಯವರಿರಬಹುದು, ಮುರಗೋಡದವರಿರಬಹುದು, ದೂರದ ಊರಿನವರಿರಬಹುದು. ನಿಮ್ಮ ಓಣಿಯಲ್ಲಿ ಬುತ್ತಿ ಕಟ್ಟುವವರಿಲ್ಲದ ಮಗು ಯಾವುದು ಎಂದು ಒಮ್ಮೆ ನೋಡಿ. ಸಂಜೆ ನಿಮ್ಮ ಮಕ್ಕಳ ಜೊತೆ ಅದನ್ನೂ ಓದಲು ಕೂಡ್ರಿಸಿ, ಉಂಡಿತೋ ಇಲ್ಲವೋ ಕೇಳಿ. ಮಗುವಿಗೆ ಮನೆಯಲ್ಲೇ ಹಿಂಸೆಯಾಗುತ್ತಿದ್ದರೆ, ದುಡಿಮೆಗೆ ಇಲ್ಲವೆ ಮದುವೆಗೆ ದೂಡುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಬೀಳುವುದಿಲ್ಲ.