ಇಸ್ಲಾಂ ಮತದ ಒಳಭೇದಗಳು

ಒಬ್ಬನೇ ದೇವರು, ಒಂದೇ ಗ್ರಂಥವೆಂದು ಸಾರುವ ಇಸ್ಲಾಂ ಮತದಲ್ಲಿ ಇಷ್ಟೊಂದು ಪಂಗಡಗಳು ಹೇಗೆ ಉಂಟಾದುವೆಂಬ ಪ್ರಶ್ನೆ ನಮ್ಮಲ್ಲಿ ಅನೇಕರಿಗೆ ಹುಟ್ಟುವುದು ಸಹಜ. ಈ ಭೇದಗಳೆಲ್ಲವೂ ಒಂದೇ ಬಗೆಯವಲ್ಲ. ನಾಯಕತ್ವವನ್ನು ಕುರಿತ ಭೇದ ಒಂದು. ಆಚಾರ ಮತ್ತು ಧರ್ಮಶಾಸ್ತ್ರವನ್ನು ಕುರಿತ ಭೇದ ಮತ್ತೊಂದು. ಇವೆರಡನ್ನೂ ಬೇರೆಬೇರೆಯಾಗಿ ನೋಡಿದರೆ ವಿಷಯವು ಬಹುಮಟ್ಟಿಗೆ ತಿಳಿಯಾಗುವುದು.

ಕ್ರಿ.ಶ. 632ರಲ್ಲಿ ಮಹಮ್ಮದ್ ಪೈಗಂಬರರು ಮದೀನಾದಲ್ಲಿ ಕಾಲವಾದರು. ಹಿರಿಯ ಅನುಯಾಯಿಗಳು ಅಬೂಬಕರರನ್ನು ಖಲೀಫರನ್ನಾಗಿ ಆರಿಸಿದರು. ಪೈಗಂಬರರ ದಾಯಾದಿಯೂ ಅಳಿಯಂದಿರೂ ಆದ ಅಲಿಯವರಿಗೇ ಆ ಸ್ಥಾನ ಸಲ್ಲತಕ್ಕದ್ದೆಂದು ನಂಬಿದವರ ಪಕ್ಷವೇ ಮುಂದೆ ಷಿಯಾ ಪಂಥವಾಯಿತು. ಷಿಯಾ ಎಂಬ ಮಾತಿಗೆ ಪಕ್ಷವೆಂದೇ ಅರ್ಥ. ಅಲಿಯವರು 656ರಲ್ಲಿ ನಾಲ್ಕನೆಯ ಖಲೀಫರಾದರು. ಮರುವರ್ಷ ಸಿಫ್ಫೀನ್ ಕಾಳಗದಲ್ಲಿ ಅವರು ಮಧ್ಯಸ್ಥಿಕೆಗೆ ಒಪ್ಪಿದುದನ್ನು ಸಹಿಸದೆ ಸಿಡಿದುಹೋದವರು ಖಾರಿಜಿಗಳು. ಅವರಲ್ಲೊಬ್ಬನ ಕೈಯಿಂದಲೇ 661ರಲ್ಲಿ ಅಲಿಯವರ ಕೊಲೆಯಾಯಿತು. 680ರಲ್ಲಿ ಅವರ ಮಗ ಹುಸೇನರು ಕರ್ಬಲಾದಲ್ಲಿ ಮಡಿದರು. ರಾಜಕೀಯ ವ್ಯಾಜ್ಯವಾಗಿದ್ದುದು ಆ ರಕ್ತದಿಂದ ಭಕ್ತಿಯ ವಿಷಯವಾಯಿತು. ಮೊಹರಂ ಶೋಕದ ಮೂಲ ಇದೇ. ಅಲಿಯವರ ವಂಶದಲ್ಲಿ ಯಾರು ಯಾರು ಇಮಾಮರೆಂಬ ಪ್ರಶ್ನೆಯಿಂದ ಷಿಯಾಗಳಲ್ಲಿಯೇ ಜೈದಿ, ಇಸ್ಮಾಯಿಲಿ, ದ್ವಾದಶ ಇಮಾಮಿ ಎಂಬ ಶಾಖೆಗಳಾದುವು.

ಇನ್ನು ಸುನ್ನಿಗಳ ನಾಲ್ಕು ಧರ್ಮಶಾಸ್ತ್ರ ಸಂಪ್ರದಾಯಗಳು: ಹನಫಿ, ಮಾಲಿಕಿ, ಷಾಫಿ, ಹನ್‌ಬಲಿ. ಇವು ಪರಸ್ಪರ ವೈರದಿಂದ ಹುಟ್ಟಿದುವಲ್ಲ. ಇಮಾಮ್ ಷಾಫಿಯವರು ಇಮಾಮ್ ಮಾಲಿಕರ ಶಿಷ್ಯರು; ಆದರೂ ಗುರುವಿನಿಂದ ಭಿನ್ನವಾದ ಶಾಸ್ತ್ರವನ್ನು ಕಟ್ಟಿದರು. ನಮ್ಮ ನಾಡಿನಲ್ಲೇ ಇದರ ನಿದರ್ಶನವುಂಟು. ಅರಬ್ಬೀ ಸಮುದ್ರದ ವ್ಯಾಪಾರದೊಡನೆ ಬೆಳೆದ ಭಟ್ಕಳದ ನವಾಯತರು ಷಾಫಿಗಳು. ಒಳನಾಡಿನ ಸುನ್ನಿಗಳಲ್ಲಿ ಹೆಚ್ಚಿನವರು ಹನಫಿಗಳು. ವಸ್ತುವಿನ ನೆರಳು, ನಡುಹಗಲಿನ ನೆರಳನ್ನು ಕಳೆದು, ಅದರ ಎತ್ತರದಷ್ಟಾದಾಗ ಷಾಫಿಗಳಿಗೆ ಅಸರ್ ನಮಾಜಿನ ಕಾಲ ಒದಗುವುದು. ಎರಡರಷ್ಟಾಗುವವರೆಗೆ ಹನಫಿಗಳು ಕಾಯುವರು. ಇಷ್ಟರಿಂದ ಒಬ್ಬರ ನಮಾಜು ಅಸಿಂಧುವೆಂದು ಇನ್ನೊಬ್ಬರು ಹೇಳುವುದಿಲ್ಲ.

ಮೆಕ್ಕಾದಲ್ಲಿ ಶತಮಾನಗಳ ಕಾಲ ಕಾಬಾದ ಸುತ್ತ ಈ ನಾಲ್ಕು ಸಂಪ್ರದಾಯಗಳಿಗೂ ಬೇರೆಬೇರೆ ಸ್ಥಾನಗಳೂ ಇಮಾಮರೂ ಇದ್ದರು. 1924ರಲ್ಲಿ ಆ ನಗರವು ಸೌದಿಗಳ ವಶವಾದ ಬಳಿಕ ಆ ಪದ್ಧತಿ ನಿಂತು, ಎಲ್ಲರೂ ಒಬ್ಬ ಇಮಾಮನ ಹಿಂದೆ ನಿಲ್ಲುವಂತಾಯಿತು. ಐಕ್ಯಕ್ಕೆ ಇದು ಸಾಧಕವೆಂದು ಕೆಲವರು ಹೇಳಬಹುದು. ವೈವಿಧ್ಯದ ಒಂದು ಕುರುಹು ಅಳಿಯಿತೆಂದು ಇತರರು ಹೇಳಬಹುದು.

ಭೇದವು ಸಿಂಹಾಸನವನ್ನು ಏರಿದಾಗ ಏನಾಗುವುದೆಂಬುದನ್ನು ಬಿಜಾಪುರದ ಇತಿಹಾಸ ತೋರಿಸುತ್ತದೆ. ಇರಾನಿನಲ್ಲಿ 1501ರಲ್ಲಿ ಸಫವಿ ಅರಸರು ಷಿಯಾ ಮತವನ್ನು ರಾಜಮತವನ್ನಾಗಿ ಮಾಡಿದರು. ಸ್ವಲ್ಪ ಕಾಲದಲ್ಲೇ ಯೂಸುಫ್ ಆದಿಲ್ ಷಾಹನೂ ಹಾಗೆಯೇ ಮಾಡಿದನು. 1534ರಲ್ಲಿ ಪಟ್ಟವೇರಿದ ಮೊದಲನೆಯ ಇಬ್ರಾಹಿಮನು ಸುನ್ನಿ ಮತವನ್ನು ನೆಲೆಗೊಳಿಸಿದನು. 1558ರಲ್ಲಿ ಬಂದ ಮೊದಲನೆಯ ಅಲಿಯು ಅದನ್ನು ಮತ್ತೆ ತಿರುಗಿಸಿದನು. ಹೀಗೆ ಅರಸು ಬದಲಾದಂತೆ ಆಸ್ಥಾನದಲ್ಲಿ ಇರಾನಿಗಳೂ ದಖನಿಗಳೂ ಏಳುತ್ತ ಬೀಳುತ್ತ ಬಂದರು. ಮತಭೇದದ ಬೆನ್ನಿಗೆ ಅಧಿಕಾರದ ಪೈಪೋಟಿ ಇತ್ತೆಂಬುದನ್ನು ನಾವು ಮರೆಯಲಾಗದು.

ಇಂದಿಗೂ ಸ್ಥಿತಿ ಹೀಗೆಯೇ. ಜಗತ್ತಿನ ಮುಸಲ್ಮಾನರಲ್ಲಿ ನೂರಕ್ಕೆ ಸುಮಾರು ಹತ್ತರಿಂದ ಹದಿನೈದು ಮಂದಿ ಷಿಯಾಗಳು. ಖಾರಿಜಿಗಳೊಡನೆ ಮೂಲಸಂಬಂಧವಿದ್ದರೂ ಸೌಮ್ಯರಾದ ಇಬಾದಿಗಳು ಒಮಾನಿನಲ್ಲಿರುವರು. 2006ರಲ್ಲಿ ಇರಾಕಿನ ಸಾಮರ್ರಾದ ಷಿಯಾ ಇಮಾಮರ ಸಮಾಧಿಮಂದಿರವನ್ನು ಸಿಡಿಮದ್ದಿನಿಂದ ಕೆಡವಿದಾಗ ಆ ದೇಶದಲ್ಲಿ ನೆರೆಹೊರೆಯವರೇ ಶತ್ರುಗಳಾದರು. ಅದರ ಹಿಂದಿನ ವರ್ಷವೇ, 2005ರಲ್ಲಿ, ಅಮ್ಮಾನ್ ನಗರದಲ್ಲಿ ನೆರೆದ ವಿದ್ವಾಂಸರು ಸುನ್ನಿ, ಷಿಯಾ, ಇಬಾದಿ ಮೊದಲಾದ ಎಂಟು ಸಂಪ್ರದಾಯಗಳನ್ನು ಮಾನ್ಯಮಾಡಿ, ಅವುಗಳ ಅನುಯಾಯಿಗಳನ್ನು ಮತಭ್ರಷ್ಟರೆಂದು ಸಾರಕೂಡದೆಂದು ನಿರ್ಣಯಿಸಿದ್ದರು. ಮಾತು ಮದ್ದನ್ನು ತಡೆಯಲಿಲ್ಲ, ನಿಜ. ಆದರೂ ಗುರುವಿನೊಡನೆ ಭಿನ್ನಾಭಿಪ್ರಾಯವಿಟ್ಟುಕೊಂಡೂ ಶಿಷ್ಯನಾಗಿ ಉಳಿದವರ ಪರಂಪರೆ ಆ ಮತದೊಳಗೇ ಇದೆ. ನೆರೆಯವರನ್ನು ಅರಿಯಬೇಕಾದ ನಾವು ಅವರ ಕಲಹಗಳನ್ನು ಮಾತ್ರವಲ್ಲದೆ ಈ ಪರಂಪರೆಯನ್ನೂ ಅರಿಯುವುದು ಉಚಿತ.