ಹೈದರನ ವರಹದಲ್ಲಿ ಶಿವಪಾರ್ವತಿಯರೇಕೆ?

ಹೈದರಾಲಿ 1763ರಲ್ಲಿ ಕೆಳದಿ ಅರಸರ ಬಿದನೂರನ್ನು ಗೆದ್ದು ಅದಕ್ಕೆ ತನ್ನ ಹೆಸರಿಟ್ಟ. ಈಗ ಹೊಸನಗರ ತಾಲ್ಲೂಕಿನಲ್ಲಿರುವ ನಗರ ಎಂಬ ಊರೇ ಆ ಹೈದರ್‌ನಗರ. ಆತ ಟಂಕಿಸಿದ ಚಿನ್ನದ ಬಹದ್ದೂರಿ ವರಹದ ಒಂದು ಮುಖದಲ್ಲಿ ಅವನ ಹೆಸರಿನ ಮೊದಲ ಅಕ್ಷರವಿದೆ. ಇನ್ನೊಂದು ಮುಖದಲ್ಲಿ ಶಿವಪಾರ್ವತಿಯರು ಕುಳಿತಿದ್ದಾರೆ. ಗೆದ್ದ ಅರಸ ಸೋತವರ ದೇವರನ್ನು ತನ್ನ ನಾಣ್ಯದಲ್ಲಿ ಏಕೆ ಉಳಿಸಿಕೊಂಡ?

ನಮ್ಮ ಶಿವಮೊಗ್ಗ ಜಿಲ್ಲೆಯ ಹೊಳಲೂರಿನ ಹೋಟೆಲ್ ಬೆಂಚಿನಲ್ಲೋ ಅಡಿಕೆ ತೋಟದ ಬದುವಿನಲ್ಲೋ ನಾಲ್ಕು ಗೆಳೆಯರು ಸೇರಿದಾಗ ಈ ಪ್ರಶ್ನೆ ಹಾಕಿ ನೋಡಿ. ಒಬ್ಬರು ಹೈದರನ ಧರ್ಮಸಹಿಷ್ಣುತೆ ಎನ್ನುತ್ತಾರೆ, ಇನ್ನೊಬ್ಬರು ಟಂಕಸಾಲೆಯವರು ಅಚ್ಚು ಬದಲಿಸಿರಲಿಕ್ಕಿಲ್ಲ ಎನ್ನುತ್ತಾರೆ. ಯಾರಾದರೂ ಒಬ್ಬರು, ಸಾಮಾನ್ಯವಾಗಿ ಅಂಗಡಿಯೋ ಮಂಡಿಯೋ ನಡೆಸಿದವರು, ಪೇಟೆಯ ಕಡೆಗೆ ಯೋಚಿಸುತ್ತಾರೆ. ಅಲ್ಲಿಂದ ಉತ್ತರ ಹತ್ತಿರವಾಗುತ್ತದೆ. ಕೆಳದಿ ಅರಸರ ಇಕ್ಕೇರಿ ವರಹ ಕರಾವಳಿಯಿಂದ ಬಯಲುಸೀಮೆಯವರೆಗೆ ವ್ಯಾಪಾರಿಗಳು ಕಣ್ಣುಮುಚ್ಚಿ ನಂಬುತ್ತಿದ್ದ ನಾಣ್ಯ. ಅದರ ಮೇಲೆ ಶಿವಪಾರ್ವತಿಯರಿದ್ದರು. ಮೆಣಸು, ಅಕ್ಕಿ, ಅಡಿಕೆಯ ವಹಿವಾಟು ನಿಲ್ಲದೆ ನಡೆಯಬೇಕಾದರೆ ಜನ ನಂಬಿದ ರೂಪವನ್ನು ಉಳಿಸಿಕೊಳ್ಳುವುದೇ ಜಾಣತನ.

ಗೆಳೆಯರ ಜ್ಞಾನವನ್ನು ಪರೀಕ್ಷಿಸುವ ಪ್ರಶ್ನೆ ಎಂದರೆ ಹೀಗಿರಬೇಕು ಎಂಬುದು ನನ್ನ ಅಭಿಪ್ರಾಯ. ಪಾಣಿಪತ್ ಕದನಗಳ ಇಸವಿಯನ್ನೋ ಅಕ್ಬರನ ಆಸ್ಥಾನದ ಪಟ್ಟಿಯನ್ನೋ ಒಪ್ಪಿಸುವವರನ್ನು ಮೆಚ್ಚುವುದು ನಮಗೆ ಶಾಲೆಯಿಂದ ಬಂದ ಅಭ್ಯಾಸ. ಬಾಯಿಪಾಠದ ಉತ್ತರವನ್ನು ಈಗ ಜೇಬಿನಲ್ಲಿರುವ ಮೊಬೈಲ್ ಕೂಡ ಹೇಳುತ್ತದೆ. ಕಂಡದ್ದನ್ನೂ ಕೇಳಿದ್ದನ್ನೂ ಜೋಡಿಸಿ ಉತ್ತರದ ಕಡೆಗೆ ನಡೆಯಬೇಕಾದ ಪ್ರಶ್ನೆಯೇ ಕಠಿಣ ಪ್ರಶ್ನೆ. 1983ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಬೆಳೆಸಿದ್ದು ಇಂಥ ರೂಢಿಯನ್ನೇ: ಪ್ರಶ್ನೆಯೊಳಗೇ ಸುಳಿವುಗಳಿರುತ್ತವೆ, ಬಿಡಿಸುವ ತಾಳ್ಮೆ ಬೇಕು. ಕನ್ನಡದ ಮನೆಮನೆಗೆ ಪ್ರಶ್ನೋತ್ತರದ ರುಚಿ ಹತ್ತಿಸಿದ್ದು ಮಾತ್ರ ದೂರದರ್ಶನ ಚಂದನದ ‘ಥಟ್ ಅಂತ ಹೇಳಿ’. 2002ರ ಜನವರಿಯಲ್ಲಿ ಶುರುವಾದ ಆ ಕಾರ್ಯಕ್ರಮದಲ್ಲಿ ಡಾ. ನಾ. ಸೋಮೇಶ್ವರ ಅವರು ಸರಿ ಉತ್ತರ ಹೇಳಿದವರ ಕೈಗೆ ಹಣ ಕೊಡಲಿಲ್ಲ, ಪುಸ್ತಕ ಕೊಟ್ಟರು. ಗೆಳೆಯರ ನಡುವೆ ಪಣ ಕಟ್ಟುವವರೂ ಇದನ್ನೇ ಅನುಸರಿಸಬಹುದು.

ನಮ್ಮವರಿಗೆ ಪ್ರಶ್ನೆ ಹುಡುಕಲು ದೆಹಲಿಗೆ ಹೋಗಬೇಕಿಲ್ಲ. ಹೊಳಲೂರು ಶಿವಮೊಗ್ಗದಿಂದ ಹೊನ್ನಾಳಿಗೆ ಹೋಗುವ ದಾರಿಯ ಹೋಬಳಿ ಕೇಂದ್ರ. ಪಕ್ಕದ ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ ತುಂಗಭದ್ರೆಯಾಗುತ್ತವೆ. ಆ ನದಿಯನ್ನೇ ಹಿಡಿದು ಒಂದು ಪ್ರಶ್ನೆ: 1815ರಲ್ಲಿ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಸೇನಾನಿ, ಅದಕ್ಕೆ 15 ವರ್ಷ ಮೊದಲು ಮಳೆಗಾಲದಲ್ಲಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದ್ದು ಯಾರ ಬೆನ್ನು ಹತ್ತಿ?

ಸೇನಾನಿ ಆರ್ಥರ್ ವೆಲ್ಲೆಸ್ಲಿ, ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದವನು. ಅವನು ಬೆನ್ನಟ್ಟಿದ್ದು ಚನ್ನಗಿರಿಯ ಧೋಂಡಿಯ ವಾಘನನ್ನು. ಟಿಪ್ಪುವಿನ ಸೆರೆಮನೆಯಲ್ಲಿದ್ದ ಧೋಂಡಿಯ, 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊರಬಂದ. ಚದುರಿಹೋಗಿದ್ದ ಕುದುರೆ ಸವಾರರನ್ನು ಒಟ್ಟುಗೂಡಿಸಿ ಶಿವಮೊಗ್ಗ ಸೀಮೆಯ ಕೋಟೆಗಳನ್ನು ಹಿಡಿದ. ಎರಡು ಲೋಕಕ್ಕೂ ಒಡೆಯನೆಂದು ಬಿರುದು ಹೊತ್ತುಕೊಂಡ. ತಿಂಗಳುಗಟ್ಟಲೆ ಕಂಪನಿ ಸೈನ್ಯವನ್ನು ಅಲೆದಾಡಿಸಿ 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಕಾದಾಡುತ್ತ ಸತ್ತ. ಆತನ ಎಳೆಯ ಮಗ ಸಲಾಬತ್ ಖಾನ್ ಡೇರೆಯ ಸಾಮಾನುಗಳ ನಡುವೆ ಸಿಕ್ಕಾಗ ವೆಲ್ಲೆಸ್ಲಿ ಆ ಹುಡುಗನನ್ನು ಸಾಕಿಸಿದ, ಭಾರತ ಬಿಟ್ಟು ಹೋಗುವಾಗ ಅವನ ಪೋಷಣೆಗೆ ಹಣವನ್ನೂ ಇಟ್ಟುಹೋದ. ಯುರೋಪಿನ ಚರಿತ್ರೆಯನ್ನು ತಿರುಗಿಸಿದ ಮನುಷ್ಯ ಯುದ್ಧ ಕಲಿತದ್ದರಲ್ಲಿ ನಮ್ಮ ನೆಲದ ಪಾಲೂ ಇದೆ ಎಂದು ತಿಳಿದಾಗ, ದಿನವೂ ಹೊಳೆ ನೋಡುವವರಿಗೂ ಹೊಳೆ ಹೊಸದಾಗಿ ಕಾಣುತ್ತದೆ.

ಈಗ ಹಳೆಯ ಉತ್ತರವೇ ಸೋಲುವ ಪ್ರಶ್ನೆ. ಕನ್ನಡದ ಅತ್ಯಂತ ಹಳೆಯ ಶಾಸನ ಯಾವುದು? ಹತ್ತರಲ್ಲಿ ಒಂಬತ್ತು ಮಂದಿ ಹಲ್ಮಿಡಿ ಎನ್ನುತ್ತಾರೆ. ಬೇಲೂರು ತಾಲ್ಲೂಕಿನ ಆ ಶಾಸನವನ್ನು 1936ರಲ್ಲಿ ಎಂ. ಎಚ್. ಕೃಷ್ಣ ಬೆಳಕಿಗೆ ತಂದರು, ಕಾಲ ಕ್ರಿ.ಶ. 450ರ ಆಸುಪಾಸು. ನಮ್ಮ ಪಠ್ಯಗಳೆಲ್ಲ ಅದನ್ನೇ ಹೇಳಿಕೊಟ್ಟವು. 2013ರಲ್ಲಿ ನಮ್ಮದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಬಳಿ ಪುರಾತತ್ತ್ವ ಇಲಾಖೆ ಅಗೆಯುವಾಗ ಸಿಂಹಕಟಾಂಜನದ, ಅಂದರೆ ಸಿಂಹ ಕೆತ್ತಿದ ಕಲ್ಲಿನ ಕಟಕಟೆಯ, ಮೇಲೆ ಬರಹವೊಂದು ಸಿಕ್ಕಿತು. ಅದನ್ನು ಇಲಾಖೆ ಕ್ರಿ.ಶ. 370ರದೆಂದು ಗುರುತಿಸಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೂ ಇದು ತಟ್ಟನೆ ಹೊಳೆಯದು. ಉತ್ತರ ಹೇಳಿದ ಮೇಲೆ ವಾದವೂ ಏಳುತ್ತದೆ, ಏಳಲಿ. ಹೊಸ ಕಲ್ಲೊಂದು ಸಿಕ್ಕರೆ ಬದಲಾಗಬಲ್ಲ ವಿದ್ಯೆ ಇದು ಎಂಬುದು ಗೆಳೆಯರಿಗೆ ಅರ್ಥವಾಗುವುದು ಅಂಥ ವಾದದಲ್ಲೇ.

ಅದೇ ತಾಳಗುಂದದಲ್ಲಿರುವ ಶಾಸನದ ಕಂಬ ಇನ್ನೂ ಒಳ್ಳೆಯ ಪ್ರಶ್ನೆ ಕೊಡುತ್ತದೆ. ರಾಜಕುಮಾರ್ ಅವರ 1975ರ ‘ಮಯೂರ’ ಸಿನಿಮಾ ನೋಡಿದವರಿಗೆಲ್ಲ ಮಯೂರವರ್ಮ ಗೊತ್ತು. ಶಾಸನದಲ್ಲಿ ಅವನು ಮಯೂರಶರ್ಮ, ವೇದ ಓದಲು ಕಂಚಿಗೆ ಹೋದ ಬ್ರಾಹ್ಮಣ. ಅವನು ಕತ್ತಿ ಹಿಡಿದದ್ದೇಕೆ? ಪಲ್ಲವರ ಕುದುರೆ ಸವಾರನೊಬ್ಬನೊಂದಿಗೆ ಆದ ಜಗಳದಿಂದ ಎಂದು ಕಂಬ ಹೇಳುತ್ತದೆ. ಬರೆದವನು ಕುಬ್ಜ ಎಂಬ ಕವಿ, ಕದಂಬ ಶಾಂತಿವರ್ಮನ ಕಾಲದಲ್ಲಿ. ರಾಜವಂಶವೊಂದರ ಹುಟ್ಟನ್ನು ಆ ವಂಶದವರೇ ಹೇಗೆ ಹೇಳಿಕೊಂಡರು ಎಂದು ಮುಂದಿನ ಪ್ರಶ್ನೆ ಹಾಕಬಹುದು. ಬಿ. ಎಲ್. ರೈಸ್ 1902 ಮತ್ತು 1904ರಲ್ಲಿ ಹೊರತಂದ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳು, ಎಂಟನೆಯ ಸಂಪುಟಗಳು ಪೂರ್ತಿ ಶಿವಮೊಗ್ಗ ಜಿಲ್ಲೆಯವು. ಒಂದೇ ಜಿಲ್ಲೆಗೆ ಎರಡು ಸಂಪುಟ. ಪ್ರಶ್ನೆ ತಯಾರಿಸುವವರಿಗೆ ಅದಕ್ಕಿಂತ ದೊಡ್ಡ ಕಣಜ ಬೇರೆ ಇಲ್ಲ.

ಏಳನೆಯ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿಯ ಶಾಸನಗಳೂ ಇವೆ. ಅವು ದಾವಣಗೆರೆ ಜಿಲ್ಲೆಯವಲ್ಲವೇ ಎಂದು ಎಳೆಯರು ಕೇಳುತ್ತಾರೆ. 1997ರವರೆಗೆ ಎರಡೂ ನಮ್ಮವೇ ಆಗಿದ್ದವು.

ಭದ್ರಾವತಿಗೆ ಬಂದರೆ ಪ್ರಶ್ನೆಯ ಬಗೆ ಬೇರೆಯಾಗುತ್ತದೆ. ಕಬ್ಬಿಣ ಕರಗಿಸಲು ಸಾಮಾನ್ಯವಾಗಿ ಕಲ್ಲಿದ್ದಲು ಬೇಕು. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಹಾಗಿದ್ದೂ ಬೆಂಕಿಪುರವೆಂದು ಹೆಸರಿದ್ದ ಈ ಸಣ್ಣ ಊರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಕಬ್ಬಿಣದ ಕಾರ್ಖಾನೆ ಕಟ್ಟಿಸಿದ್ದು ಯಾವ ಧೈರ್ಯದ ಮೇಲೆ? ಉತ್ತರ ಸುತ್ತಲಿನ ಕಾಡು. ಕಟ್ಟಿಗೆಯಿಂದ ಇದ್ದಿಲು ಮಾಡಿ, ಕೆಮ್ಮಣ್ಣುಗುಂಡಿಯ ಅದಿರು ತಂದು, 1923ರ ಜನವರಿಯಲ್ಲಿ ಕುಲುಮೆ ಹೊತ್ತಿಸಿದರು. ಮುಂದೆ ಜೋಗದ ವಿದ್ಯುತ್ ಬಂದಾಗ ವಿದ್ಯುತ್ ಕುಲುಮೆಗಳು ಬಂದವು. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು ಗುಂಪಿನಲ್ಲಿದ್ದರೆ ಈ ಪ್ರಶ್ನೆಯನ್ನು ಅವರಿಂದಲೇ ಕೇಳಿಸಬೇಕು. ಎಷ್ಟು ಕಾಡು ಹೋಯಿತು, ಎಷ್ಟು ಮನೆಗಳ ಒಲೆ ಉರಿಯಿತು ಎಂಬ ಎರಡು ಲೆಕ್ಕವೂ ಅಲ್ಲಿ ಹೊರಬರುತ್ತದೆ.

ಕೆಳದಿಯ ರಾಣಿ ಚೆನ್ನಮ್ಮ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟದ್ದು ಎಲ್ಲರಿಗೂ ತಿಳಿದಿದೆ, ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಬೇಡ. ರಾಜಾರಾಮ 1689ರಲ್ಲಿ ಹೊರಟದ್ದು ಜಿಂಜಿಗೆ. ಅಲ್ಲಿಗೆ ಮಲೆನಾಡಿನ ದಾರಿಯನ್ನೇ ಏಕೆ ಹಿಡಿದ ಎಂದು ಕೇಳಿದರೆ ಮಾತ್ರ ನಕಾಶೆ ಬಿಡಿಸಬೇಕಾಗುತ್ತದೆ.

ನನಗೆ ಎಲ್ಲಕ್ಕಿಂತ ಬೆಲೆಯುಳ್ಳವು ಎನಿಸುವುದು ರೈತರ ಪ್ರಶ್ನೆಗಳು. 1942ರ ಸೆಪ್ಟೆಂಬರಿನಲ್ಲಿ ನಮ್ಮ ಜಿಲ್ಲೆಯ ಈಸೂರು ಹಳ್ಳಿ ತನ್ನದೇ ಸರ್ಕಾರ ಘೋಷಿಸಿಕೊಂಡದ್ದನ್ನು ಮಕ್ಕಳೂ ಹೇಳುತ್ತಾರೆ. ಅಲ್ಲಿ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ಕೂರಿಸಿದ್ದು ಬಾಲಕರನ್ನು. ಹುಡುಗರನ್ನೇ ಏಕೆ? ಅಪ್ರಾಪ್ತರನ್ನು ಸರ್ಕಾರ ಸುಲಭವಾಗಿ ಜೈಲಿಗೆ ಹಾಕಲಾರದು ಎಂಬ ಎಣಿಕೆ ಇತ್ತೆಂದು ಹೇಳುತ್ತಾರೆ. ಮರುವರ್ಷದ ಮಾರ್ಚಿನಲ್ಲಿ ಆ ಹೋರಾಟಕ್ಕಾಗಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ನೇಣಿಗೇರಿದರು. ಈ ಐದು ಹೆಸರನ್ನು ಪೂರ್ತಿ ಹೇಳಬಲ್ಲ ಗೆಳೆಯರು ಸಿಕ್ಕರೆ ಎದ್ದು ನಿಂತು ಕೈಮುಗಿಯಬೇಕು. ಇಸವಿ ಕೇಳಬೇಡಿ ಎಂದ ನಾನೇ ಹೆಸರು ಕೇಳುತ್ತಿದ್ದೇನೆ. ಇವು ಬಾಯಿಪಾಠವಾಗಿಯೇ ಉಳಿಯಬೇಕಾದ ಹೆಸರುಗಳು.

ಇನ್ನೊಂದು: ಸಾಗರ ತಾಲ್ಲೂಕಿನ ಯಾವ ಹಳ್ಳಿಯಲ್ಲಿ, ಮನೆಯ ಯಾವ ವಸ್ತುವಿನ ಗಾತ್ರಕ್ಕಾಗಿ ಸತ್ಯಾಗ್ರಹ ನಡೆಯಿತು? ಕಾಗೋಡು, 1951, ವಸ್ತು ಕೊಳಗ. ಗೇಣಿ ಭತ್ತ ಅಳೆಯುವಾಗ ಒಡೆಯರು ದೊಡ್ಡ ಕೊಳಗ ಹಿಡಿಯುತ್ತಿದ್ದರು, ಪ್ರತಿ ಅಳತೆಯಲ್ಲೂ ಗೇಣಿದಾರರ ಬೆವರು ಸೋರುತ್ತಿತ್ತು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನಿಗೇ ಭೂಮಿ ಎಂದು 1974ರಲ್ಲಿ ದೇವರಾಜ ಅರಸರ ಸರ್ಕಾರ ಕಾನೂನು ತಿದ್ದಿದ್ದಕ್ಕೂ ಆ ಕೊಳಗಕ್ಕೂ ನಂಟಿದೆ. ಇಂದು ಸ್ವಂತ ಗದ್ದೆಯಲ್ಲಿ ನಿಂತು ಈ ಪ್ರಶ್ನೆಗೆ ತಡವರಿಸುವವರ ಅಜ್ಜಂದಿರು ಗೇಣಿ ಅಳೆದವರೇ ಇರಬಹುದು.

ಕಾಗೋಡಿನ ಕಾಲದಲ್ಲಿ ಹತ್ತು ಹನ್ನೆರಡು ವರ್ಷದವರಾಗಿದ್ದವರು ಈಗ ಎಂಬತ್ತು ದಾಟಿದ್ದಾರೆ. ಗೇಣಿ ಅಳೆದದ್ದನ್ನು, ಭದ್ರಾವತಿಗೆ ಕಟ್ಟಿಗೆ ಸಾಗಿದ್ದನ್ನು ಕಣ್ಣಾರೆ ಕಂಡವರು ನಿಮ್ಮ ಊರಿನಲ್ಲೂ ಇರಬಹುದು. ಗೆಳೆಯರನ್ನು ಸೋಲಿಸುವ ಮುಂದಿನ ಪ್ರಶ್ನೆಯನ್ನು ಅವರ ಬಳಿ ಕೂತು ಬರೆದುಕೊಳ್ಳಿ, ಉತ್ತರವನ್ನು ಅವರ ದನಿಯಲ್ಲೇ ಮೊಬೈಲಿನಲ್ಲಿ ಉಳಿಸಿಕೊಳ್ಳಿ. ಈ ಕೆಲಸ ಈ ವರ್ಷವೇ ಆಗಲಿ.